ಕಾಗದದ ಮೈಮೇಲಿನ ಮಣ್ಣು

ವಾರಪತ್ರಿಕೆಯ ಮುಖಪುಟ, ಮದುವೆಯ ಕರೆಯೋಲೆ, ಅಂಗಡಿಯವರು ಹೊಸ ವರ್ಷಕ್ಕೆ ಕೊಡುವ ದೇವರ ಕ್ಯಾಲೆಂಡರು, ಹೀಗೆ ಹೊಳೆಯುವ ಕಾಗದದ ಮೇಲೆ ಅಚ್ಚಾದ ಬಣ್ಣದ ಚಿತ್ರ ಯಾವುದೇ ಇರಲಿ, ಅದರ ಮಸಿ ಕಾಗದದ ನಾರನ್ನು ಮುಟ್ಟಿರುವುದು ತೀರ ಕಡಿಮೆ. ಮಸಿ ಕೂತಿರುವುದು ನಾರಿನ ಮೇಲೆ ಬಳಿದ ಖನಿಜದ ಪದರದ ಮೇಲೆ. ನಮ್ಮ ಮುದ್ರಣಾಲಯಗಳವರು ಆರ್ಟ್ ಪೇಪರ್ ಎಂದು ಕರೆಯುವ ಈ ಕಾಗದದ ತೂಕದಲ್ಲಿ ಸಾಮಾನ್ಯವಾಗಿ ಕಾಲು ಭಾಗಕ್ಕೂ ಹೆಚ್ಚು ಮರವಲ್ಲ, ನೆಲದಿಂದ ಅಗೆದು ತಂದದ್ದು. ಬಹುಕಾಲದವರೆಗೆ ಆ ಖನಿಜ ಎಂದರೆ ಮುಖ್ಯವಾಗಿ ಕೆಯೊಲಿನ್, ವ್ಯಾಪಾರದ ಮಾತಿನಲ್ಲಿ ಚೀನಾ ಕ್ಲೇ, ಅಂದರೆ ಬಿಳಿಯ ಜೇಡಿಮಣ್ಣು. ಇದರ ಬಗ್ಗೆ ಎರಡು ಅಭಿಪ್ರಾಯಗಳು ಚಾಲ್ತಿಯಲ್ಲಿವೆ. ಇದು ತೂಕ ತುಂಬಿಸಲು ಸೇರಿಸುವ ಅಗ್ಗದ ಮಾಲು ಎನ್ನುವುದು ಒಂದು. ಇದರ ಕೆಲಸ ಕಾಗದವನ್ನು ಬೆಳ್ಳಗೆ ಮಾಡುವುದಷ್ಟೇ, ಇದಕ್ಕಿಂತ ಬೆಳ್ಳಗಿನ ಪುಡಿ ಸಿಕ್ಕಿರುವಾಗ ಇದರ ಕಾಲ ಮುಗಿಯಿತು ಎನ್ನುವುದು ಇನ್ನೊಂದು. ಎರಡರಲ್ಲೂ ಸ್ವಲ್ಪ ಸತ್ಯವಿದೆ, ಆದರೆ ಎರಡೂ ಮುಖ್ಯ ಸಂಗತಿಯನ್ನು ಬಿಟ್ಟುಬಿಡುತ್ತವೆ. ಕೆಯೊಲಿನ್‌ನ ಬೆಲೆ ಇರುವುದು ಅದರ ಬಣ್ಣದಲ್ಲಲ್ಲ, ಕಣದ ಆಕಾರದಲ್ಲಿ. ಅದನ್ನು ಎಲ್ಲಿ ಬಳಸಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಆ ಆಕಾರವನ್ನು ನೋಡಿಯೇ ನಿರ್ಧರಿಸಬೇಕು.

ಲೇಪವಿಲ್ಲದ ಕಾಗದದ ಕಷ್ಟ ಏನೆಂದು ಮೊದಲು ನೋಡೋಣ. ಕಾಗದ ಎಂದರೆ ನಾರುಗಳ ಹೆಣಿಗೆ. ಮರದ ತಿರುಳಿನ ಒಂದೊಂದು ನಾರು ಒಂದರಿಂದ ಮೂರು ಮಿಲಿಮೀಟರ್ ಉದ್ದ, ಸುಮಾರು 20ರಿಂದ 40 ಮೈಕ್ರಾನ್ ಅಗಲ. ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್. ಇನ್ನು ಚಿತ್ರದ ಲೆಕ್ಕ. ಅಚ್ಚಾದ ಫೋಟೊ ಎಂದರೆ ಚುಕ್ಕಿಗಳ ಸಾಲು. ದಟ್ಟ ಜಾಗದಲ್ಲಿ ದೊಡ್ಡ ಚುಕ್ಕಿ, ತಿಳಿ ಜಾಗದಲ್ಲಿ ಸಣ್ಣ ಚುಕ್ಕಿ. ಒಳ್ಳೆಯ ಆಫ್‌ಸೆಟ್ ಮುದ್ರಣದಲ್ಲಿ ಅಂಗುಲಕ್ಕೆ 150 ಸಾಲು ಚುಕ್ಕಿಗಳು ಸಾಮಾನ್ಯ, ಅಂದರೆ ಚುಕ್ಕಿಯಿಂದ ಚುಕ್ಕಿಗೆ ಸುಮಾರು 170 ಮೈಕ್ರಾನ್. ಮುಖದ ಮೇಲೆ ಬೆಳಕು ಬಿದ್ದ ಜಾಗದಲ್ಲಿ ಮಸಿ ಶೇಕಡ ಎರಡರಷ್ಟೇ ಬೇಕು ಎಂದುಕೊಂಡರೆ ಒಂದು ಚುಕ್ಕಿಯ ಅಗಲ ಸುಮಾರು 27 ಮೈಕ್ರಾನ್ ಆಗುತ್ತದೆ. ಅಂದರೆ ಒಂದು ನಾರಿನಷ್ಟೇ. ಈ ಚುಕ್ಕಿ ಎರಡು ನಾರುಗಳ ನಡುವಿನ ಹಳ್ಳಕ್ಕೆ ಬಿದ್ದರೆ ಮೂಡುವುದೇ ಇಲ್ಲ. ನಾರಿನ ನೆತ್ತಿಯ ಮೇಲೆ ಬಿದ್ದರೆ ನಾರಿನುದ್ದಕ್ಕೂ ಹರಡಿಕೊಳ್ಳುತ್ತದೆ. ದಿನಪತ್ರಿಕೆಗಳು ಒರಟು ಚುಕ್ಕಿ ಬಳಸಿ ಈ ತೊಂದರೆಯಿಂದ ತಪ್ಪಿಸಿಕೊಳ್ಳುತ್ತವೆ. ಆದರೆ ಸೀರೆಯ ಜರಿಯನ್ನೋ ಹಕ್ಕಿಯ ಗರಿಯನ್ನೋ ತೋರಿಸಬೇಕಾದವರಿಗೆ ಆ ದಾರಿಯಿಲ್ಲ. 1880ರ ದಶಕದಲ್ಲಿ ಚುಕ್ಕಿಗಳ ಈ ಹಾಫ್‌ಟೋನ್ ಅಚ್ಚು ಬಳಕೆಗೆ ಬಂದಾಗಲೇ ಮುದ್ರಕರಿಗೆ ಇದು ತಿಳಿಯಿತು. ನಾರಿನ ಒರಟನ್ನು ಮುಚ್ಚಿ, ಅದರ ಮೇಲೆ ನಾರಿಗಿಂತ ಬಹಳ ಸಣ್ಣ ಕಣಗಳ ನೆಲಹಾಸು ಹಾಸಬೇಕಿತ್ತು.

ಕೆಯೊಲಿನೈಟ್ ಎಂಬ ಖನಿಜ ಈ ಕೆಲಸಕ್ಕೆ ಒದಗಿದ್ದು ತನ್ನ ಹುಟ್ಟುಗುಣದಿಂದ. ಗ್ರಾನೈಟ್‌ನಂಥ ಬಂಡೆಯಲ್ಲಿರುವ ಫೆಲ್ಡ್‌ಸ್ಪಾರ್ ನೀರಿಗೆ ಸಿಕ್ಕಿ ಲಕ್ಷಾಂತರ ವರ್ಷ ಕೊಳೆತಾಗ ಪೊಟ್ಯಾಸಿಯಂ, ಸೋಡಿಯಂ ತೊಳೆದುಹೋಗಿ ಸಿಲಿಕಾ ಮತ್ತು ಅಲ್ಯೂಮಿನಾ ಹೊಸ ರೀತಿಯಲ್ಲಿ ಜೋಡಣೆಯಾಗುತ್ತವೆ. ಒಂದು ಸಿಲಿಕಾ ಹಾಳೆ, ಅದಕ್ಕೆ ಅಂಟಿದ ಒಂದು ಅಲ್ಯೂಮಿನಾ ಹಾಳೆ, ಮತ್ತೆ ಅದೇ ಜೋಡಿ. ಹೀಗೆ ಬೆಳೆದ ಹರಳು ಉಂಡೆಯಾಗುವುದಿಲ್ಲ, ಆರು ಮೂಲೆಯ ತೆಳ್ಳನೆಯ ಬಿಲ್ಲೆಯಾಗುತ್ತದೆ. ಲೇಪಕ್ಕೆ ಬಳಸುವ ದರ್ಜೆಯಲ್ಲಿ ತೂಕದ ಲೆಕ್ಕದಲ್ಲಿ ನೂರಕ್ಕೆ ಎಂಬತ್ತು ತೊಂಬತ್ತು ಭಾಗ ಎರಡು ಮೈಕ್ರಾನಿಗಿಂತ ಸಣ್ಣ ಬಿಲ್ಲೆಗಳು, ದಪ್ಪ ಅದರ ಹತ್ತನೆಯ ಒಂದು ಭಾಗ ಅಥವಾ ಅದಕ್ಕೂ ಕಡಿಮೆ. ಮಂಗಳೂರು ಹೆಂಚು ಒಂದರ ಮೇಲೊಂದು ಅಂಚು ಚಾಚಿ ಕೂತು ಪಕಾಸಿಗಳ ನಡುವಿನ ತೆರಪನ್ನು ಮುಚ್ಚುವ ಹಾಗೆ, ಈ ಬಿಲ್ಲೆಗಳು ನಾರುಗಳ ನಡುವಿನ ಹಳ್ಳದ ಮೇಲೆ ಮಲಗಿಕೊಳ್ಳುತ್ತವೆ. ಉಂಡೆ ಕಣವಾದರೆ ಮೊದಲು ಹಳ್ಳದೊಳಕ್ಕೆ ಉರುಳಿ ಅದನ್ನು ತುಂಬಬೇಕು, ಆಮೇಲೆ ಮೇಲ್ಮೈ ಸಮವಾಗಬೇಕು. ಬಿಲ್ಲೆಗೆ ಹಳ್ಳ ತುಂಬುವ ಅಗತ್ಯವಿಲ್ಲ, ಮುಚ್ಚಿದರೆ ಸಾಕು. ಚದರ ಮೀಟರಿಗೆ ಒಂದು ಬದಿಗೆ ಹತ್ತು ಗ್ರಾಂ ಲೇಪ ಹಾಕಿದರೆ ಅದರ ದಪ್ಪ ಐದಾರು ಮೈಕ್ರಾನ್ ಆದೀತು. ಇಷ್ಟು ತೆಳುವಿನಲ್ಲಿ ಹತ್ತಾರು ಪದರ ಬಿಲ್ಲೆಗಳು ಇರುತ್ತವೆ.

ಬಿಳುಪಿನ ವಿಷಯದಲ್ಲೂ ಆಕಾರದ್ದೇ ಆಟ. ಕೆಯೊಲಿನ್ ಕಣ ಬೆಳಕನ್ನು ಬಗ್ಗಿಸುವ ಪ್ರಮಾಣ 1.56. ಕಣಗಳನ್ನು ಹಿಡಿದಿಡುವ ಅಂಟಿನದೂ ಹೆಚ್ಚುಕಡಿಮೆ ಅಷ್ಟೇ. ಆದ್ದರಿಂದ ಕಣಗಳ ನಡುವಿನ ಜಾಗವನ್ನೆಲ್ಲ ಅಂಟು ತುಂಬಿಬಿಟ್ಟರೆ ಬೆಳಕು ಅಡೆತಡೆಯಿಲ್ಲದೆ ಹಾಯ್ದುಹೋಗುತ್ತದೆ, ಲೇಪ ಪಾರದರ್ಶಕವಾಗುತ್ತದೆ. ಬೆಳಕು ಚದುರಿ ಕಣ್ಣಿಗೆ ಬಿಳಿಯಾಗಿ ಕಾಣುವುದು ಬಿಲ್ಲೆ ಬಿಲ್ಲೆಗಳ ನಡುವೆ ಉಳಿದ ಗಾಳಿಯಿಂದ, ಏಕೆಂದರೆ ಗಾಳಿಯ ಪ್ರಮಾಣ 1.0. ಟೈಟಾನಿಯಂ ಡೈಆಕ್ಸೈಡ್ ಮಾತ್ರ 2.7ರಷ್ಟಿದ್ದು ತನ್ನ ಬಲದಿಂದಲೇ ಬಿಳುಪು ಕೊಡಬಲ್ಲದು, ಆದರೆ ಅದರ ಬೆಲೆ ತುಂಬ ಹೆಚ್ಚು. ಕೆಯೊಲಿನ್ ಲೇಪ ಮಾಡುವವರು ನಿಜಕ್ಕೂ ಕಟ್ಟುತ್ತಿರುವುದು ಗಾಳಿಯ ಕೋಣೆಗಳನ್ನು, ಮಣ್ಣು ಅದರ ಗೋಡೆ. ಅಂಟು ಹೆಚ್ಚಾದರೆ ಕೋಣೆ ಮುಚ್ಚುತ್ತದೆ. ಕಡಿಮೆಯಾದರೆ ಮುದ್ರಣಯಂತ್ರದ ಜಿಗುಟು ಮಸಿ ಲೇಪವನ್ನೇ ಕಿತ್ತುಕೊಂಡು ಹೋಗುತ್ತದೆ. ನೂರು ಭಾಗ ಖನಿಜಕ್ಕೆ ಹತ್ತರಿಂದ ಹದಿನೈದು ಭಾಗ ಲೇಟೆಕ್ಸ್ ಅಥವಾ ಪಿಷ್ಟ ಎಂಬ ಲೆಕ್ಕ ಈ ಎರಡು ಅಪಾಯಗಳ ನಡುವೆ ಕಂಡುಕೊಂಡದ್ದು.

ಬೆರಕೆ ಎಂಬ ಆಕ್ಷೇಪಕ್ಕೆ ಈಗ ಬರಬಹುದು. ಕಾಗದ ತೂಕದ ಮೇಲೆ ಮಾರಾಟವಾಗುವ ಸರಕು. ತಿರುಳಿಗಿಂತ ಮಣ್ಣು ಅಗ್ಗ. ತಿರುಳಿನ ಒಳಗೇ ಮಣ್ಣನ್ನು ಕಲಸಿ ಹಾಳೆ ಎತ್ತಿದರೆ ಕಾಗದ ಮಾಡುವವನಿಗೆ ಲಾಭವೆಂಬುದು ನಿಜ, ಕಣಗಳು ನಾರು ನಾರಿನ ಬೆಸುಗೆಗೆ ಅಡ್ಡ ಬಂದು ಕಾಗದದ ಕಸುವು ಇಳಿಯುತ್ತದೆ ಎಂಬುದೂ ನಿಜ. ಆ ಮಟ್ಟಿಗೆ ಕೊಳ್ಳುವವರು ಎಚ್ಚರದಿಂದಿರಬೇಕು. ಆದರೆ ಒಳಗೆ ತುಂಬುವುದು ಬೇರೆ, ಮೇಲೆ ಲೇಪಿಸುವುದು ಬೇರೆ. ಲೇಪದ ಮಣ್ಣು ಪುಕ್ಕಟೆ ತೂಕವಲ್ಲ. ಅದಕ್ಕೆ ದುಬಾರಿ ಅಂಟು ಬೇಕು, ಬೇರೆ ಯಂತ್ರ ಬೇಕು, ಒದ್ದೆಯಾದ ಕಾಗದವನ್ನು ಮತ್ತೊಮ್ಮೆ ಒಣಗಿಸುವ ಇಂಧನ ಬೇಕು. ಇದಕ್ಕಿಂತ ಮುಖ್ಯವಾದದ್ದು ಮರದ ಲೆಕ್ಕ. ಮರವನ್ನು ರಾಸಾಯನಿಕದಲ್ಲಿ ಬೇಯಿಸಿ ಬಿಳಿಯ ತಿರುಳು ತೆಗೆದರೆ ಅರ್ಧದಷ್ಟು ಮರ ಮಾತ್ರ ನಾರಾಗಿ ಉಳಿಯುತ್ತದೆ. ಅದನ್ನೇ ಯಂತ್ರದಲ್ಲಿ ಅರೆದು ತಿರುಳು ಮಾಡಿದರೆ ತೊಂಬತ್ತು ಭಾಗಕ್ಕೂ ಹೆಚ್ಚು ದಕ್ಕುತ್ತದೆ. ಆದರೆ ಆ ತಿರುಳು ಒರಟು, ಬಿಸಿಲಿಗೆ ಹಳದಿಯಾಗುತ್ತದೆ. ಇಂಥ ತಿರುಳಿನ ತೆಳು ಹಾಳೆಯ ಮೇಲೆ ಬದಿಗೆ ಹತ್ತು ಗ್ರಾಂನಷ್ಟು ಮಣ್ಣಿನ ಲೇಪ ಕೊಟ್ಟು ಮಾಡಿದ ಹಗುರ ಕಾಗದವೇ ವಿದೇಶಗಳ ಲಕ್ಷಗಟ್ಟಲೆ ಪ್ರತಿಗಳ ಬಣ್ಣದ ವಾರಪತ್ರಿಕೆಗಳನ್ನು ಸಾಧ್ಯವಾಗಿಸಿದ್ದು. 1935ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ಕನ್ಸಾಲಿಡೇಟೆಡ್ ಎಂಬ ಕಂಪನಿ ಕಾಗದ ತಯಾರಾಗುವ ಯಂತ್ರದಲ್ಲೇ, ಅದೇ ಓಟದಲ್ಲಿ, ಲೇಪ ಹಚ್ಚುವ ವಿಧಾನವನ್ನು ಕೆಲಸಕ್ಕೆ ತಂದಿತು. ಮರುವರ್ಷ ಲೈಫ್ ಎಂಬ ಚಿತ್ರಪತ್ರಿಕೆ ಹೊರಟಿತು. ಲೇಪಿತ ಕಾಗದ ಅಗ್ಗವಾಗದೆ ಅಂಥ ಪತ್ರಿಕೆಗಳ ಯುಗವೇ ಇರುತ್ತಿರಲಿಲ್ಲ.

ನೆಲದಲ್ಲಿರುವ ಬಿಳಿಮಣ್ಣೆಲ್ಲ ಹೀಗೆ ಬಳಕೆಗೆ ಬರುತ್ತದೆ ಎಂದುಕೊಳ್ಳಬಾರದು. ನಮ್ಮ ಕರಾವಳಿಯಲ್ಲಿ ಮುರಕಲ್ಲಿನ ಪದರದ ಕೆಳಗೆ ಸಿಗುವ ಶೇಡಿ ಮಣ್ಣಿನ ಮುಖ್ಯ ಅಂಶವೂ ಕೆಯೊಲಿನೈಟೇ. ಬೇಸಿಗೆಯಲ್ಲಿ ಗಟ್ಟಿಯಾಗಿ ನಿಂತಿದ್ದ ರಸ್ತೆಬದಿಯ ಗುಡ್ಡ ಮಳೆಗಾಲದಲ್ಲಿ ಕರಗಿ ಜಾರಲು ಈ ಮಣ್ಣು ಒಂದು ಕಾರಣ. ಅದನ್ನು ಅಗೆದು ಕಾಗದಕ್ಕೆ ಬಳಿಯಲಾಗದು: ಅದರಲ್ಲಿ ಹೂಳು, ಮರಳು, ಕೆಂಪು ಹಳದಿ ಬಣ್ಣ ಕೊಡುವ ಕಬ್ಬಿಣ ಎಲ್ಲ ಬೆರೆತಿರುತ್ತವೆ. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಬಂಡೆ ಕೊಳೆತ ಜಾಗದಲ್ಲೇ ಮಣ್ಣು ಸಿಗುತ್ತದೆ. ಅಮೆರಿಕದ ಜಾರ್ಜಿಯಾದಲ್ಲಿ ಹಳೆಯ ನದಿಗಳು ಅದನ್ನು ತೊಳೆದು ತಂದು ಪುರಾತನ ಕಡಲತೀರದಲ್ಲಿ ಹಾಸಿವೆ. ಕಣ ಇನ್ನೂ ಸಣ್ಣ. ಭಾರತದಲ್ಲಿ ಕೇರಳದ ತಿರುವನಂತಪುರ ಜಿಲ್ಲೆಯ ತೊನ್ನಕ್ಕಲ್, ಕೊಲ್ಲಂ ಜಿಲ್ಲೆಯ ಕುಂಡರ ಈ ಮಣ್ಣಿಗೆ ಹೆಸರಾದವು. ಎಲ್ಲಿಯದಾದರೂ ಸಂಸ್ಕಾರ ದೀರ್ಘವೇ. ಮಣ್ಣನ್ನು ನೀರಿನಲ್ಲಿ ಕದಡಿ ಮರಳನ್ನು ತಳಕ್ಕೆ ಬಿಡುತ್ತಾರೆ, ಗಿರಗಿರನೆ ತಿರುಗುವ ಸೆಂಟ್ರಿಫ್ಯೂಜ್‌ನಲ್ಲಿ ದಪ್ಪ ಸಣ್ಣ ಕಣಗಳನ್ನು ಬೇರ್ಪಡಿಸುತ್ತಾರೆ. ಹಳದಿ ಛಾಯೆಗೆ ಕಾರಣವಾದ ಕಬ್ಬಿಣ, ಟೈಟಾನಿಯಂ ಖನಿಜಗಳ ಕಾಂತಗುಣ ತೀರ ಕ್ಷೀಣ, ಆದ್ದರಿಂದ ಅವನ್ನು ಹಿಡಿಯಲು ಸಾಧಾರಣ ಅಯಸ್ಕಾಂತ ಸಾಲದು. ಉಕ್ಕಿನ ಎಳೆಗಳನ್ನು ತುರುಕಿದ ಪಾತ್ರೆಯ ಸುತ್ತ ಬಲವಾದ ವಿದ್ಯುತ್ಕಾಂತವಿಟ್ಟು ಕೆಸರುನೀರನ್ನು ಹಾಯಿಸುತ್ತಾರೆ. 1980ರ ದಶಕದಿಂದ ಇದಕ್ಕೆ ಅತಿವಾಹಕ ಕಾಂತಗಳೂ ಬಂದಿವೆ. ಉಳಿದ ಕಬ್ಬಿಣವನ್ನು ಸೋಡಿಯಂ ಡೈಥಯೊನೈಟ್ ಹಾಕಿ ಕರಗಿಸಿ ತೊಳೆಯುತ್ತಾರೆ. ಪುಸ್ತಕದ ಹಾಳೆಗಳಂತೆ ಅಂಟಿಕೊಂಡಿರುವ ಬಿಲ್ಲೆಗಳ ಕಂತೆಗಳನ್ನು ಸಣ್ಣ ಗೋಲಿಗಳ ಜೊತೆ ಮಸೆದು ಬಿಡಿಸುವುದೂ ಉಂಟು.

ಇದರಲ್ಲಿ ಒಂದು ಹಂತವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ನೂರು ಗ್ರಾಂ ಕೆಸರಿನಲ್ಲಿ ಎಪ್ಪತ್ತು ಗ್ರಾಂ ಒಣ ಕೆಯೊಲಿನ್, ಮೂವತ್ತು ಗ್ರಾಂ ನೀರು ಇದ್ದರೆ ಅದು ಹರಿಯುವುದಿಲ್ಲ, ಲೋಟ ಬೋರಲು ಹಾಕಿದರೂ ಅಲುಗುವುದಿಲ್ಲ. ಬಿಲ್ಲೆಯ ಮುಖದ ಮೇಲೆ ಋಣ ವಿದ್ಯುದಂಶವಿದೆ, ಅಂಚಿನಲ್ಲಿ ಧನ ವಿದ್ಯುದಂಶ ಇರಬಲ್ಲದು. ಒಂದರ ಅಂಚು ಇನ್ನೊಂದರ ಮುಖವನ್ನು ಕಚ್ಚಿಕೊಂಡು ಇಡೀ ರಾಶಿ ಹಂದರವಾಗಿ ನಿಂತಿರುತ್ತದೆ. ಅದಕ್ಕೆ ಮಣ್ಣಿನ ತೂಕದ ಸಾವಿರಕ್ಕೆ ಎರಡು ಮೂರು ಭಾಗದಷ್ಟು ಸೋಡಿಯಂ ಪಾಲಿಅಕ್ರಿಲೇಟ್ ಹನಿಸಿ ಕಲಕಿದರೆ ಕೆಲವೇ ಕ್ಷಣಗಳಲ್ಲಿ ಎಲ್ಲ ಸಡಿಲವಾಗಿ ತೆಳ್ಳಗೆ ಸುರಿಯುತ್ತದೆ. ಒಂದು ಹನಿ ನೀರನ್ನೂ ಸೇರಿಸಿರುವುದಿಲ್ಲ. ಅಂಚುಗಳಿಗೂ ಋಣ ವಿದ್ಯುದಂಶ ಬಂದು ಬಿಲ್ಲೆಗಳು ಪರಸ್ಪರ ದೂರ ಸರಿದಿವೆ, ಅಷ್ಟೇ. ಲೇಪದ ಉದ್ಯಮ ನಿಂತಿರುವುದೇ ಈ ಗುಣದ ಮೇಲೆ. ನೀರು ಕಡಿಮೆಯಿದ್ದಷ್ಟೂ ಒಣಗಿಸುವ ಖರ್ಚು ಕಡಿಮೆ, ಬಿಲ್ಲೆಗಳು ನಾರಿನೊಳಕ್ಕೆ ಇಂಗದೆ ಮೇಲೆಯೇ ನಿಲ್ಲುತ್ತವೆ. ಈ ಕೆಸರನ್ನು ನಿಮಿಷಕ್ಕೆ ಸಾವಿರದೈನೂರು ಮೀಟರ್, ಅಂದರೆ ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಓಡುವ ಕಾಗದದ ಮೇಲೆ ಹಾಕಿ, ತೆಳು ಉಕ್ಕಿನ ಅಲಗಿನಿಂದ ಹೆಚ್ಚಾದದ್ದನ್ನು ಕೆರೆದು ತೆಗೆಯುತ್ತಾರೆ. ಅಲಗಿನ ಕೆಳಗೆ ನುಸುಳುವ ಕ್ಷಣದಲ್ಲೇ ಬಿಲ್ಲೆಗಳು ಓಟದ ದಿಕ್ಕಿಗೆ ಮಲಗಿಕೊಳ್ಳುತ್ತವೆ. ಒಂದು ಮರಳಿನ ಕಣ ಅಲಗಿಗೆ ಸಿಕ್ಕಿಕೊಂಡರೆ ಕಿಲೋಮೀಟರುಗಟ್ಟಲೆ ಕಾಗದದ ಮೇಲೆ ಗೀರು ಬೀಳುತ್ತದೆ. ಒಣಗಿದ ಮೇಲೆ ಬಿಸಿ ರೋಲುಗಳ ನಡುವೆ ಒತ್ತಿದಾಗ ಬಿಲ್ಲೆಗಳು ಇನ್ನಷ್ಟು ಸಮತಲಕ್ಕೆ ಬಂದು ಹೊಳಪು ಹುಟ್ಟುತ್ತದೆ.

ಹಾಗಿದ್ದರೆ ಇಂದು ಲೇಪಿತ ಕಾಗದದಲ್ಲಿ ಕೆಯೊಲಿನ್‌ಗಿಂತ ಸುಣ್ಣದ ಕಲ್ಲಿನ ಪುಡಿಯೇ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟೇ ಮೇಲುಗೈ ಪಡೆದಿರುವುದೇಕೆ? ಇದು ಗಟ್ಟಿಯಾದ ಆಕ್ಷೇಪ. ಕಾರ್ಬೊನೇಟ್‌ನ ಬಿಳುಪು ನೂರಕ್ಕೆ ತೊಂಬತ್ತೈದರ ಆಸುಪಾಸು, ಒಳ್ಳೆಯ ಕೆಯೊಲಿನ್‌ನದು ತೊಂಬತ್ತರ ಸುತ್ತಮುತ್ತ. ಅದು ಅಗ್ಗ, ಉಂಡೆ ಕಣವಾದ್ದರಿಂದ ಇನ್ನೂ ಕಡಿಮೆ ನೀರಿನಲ್ಲಿ ಹರಿಯುತ್ತದೆ, ಅಂಟನ್ನೂ ಕಡಿಮೆ ಬೇಡುತ್ತದೆ. ಅದು ಮೊದಲೇ ಏಕೆ ಬರಲಿಲ್ಲ ಎಂಬುದಕ್ಕೂ ಉತ್ತರವಿದೆ. 1807ರಲ್ಲಿ ಜರ್ಮನಿಯ ಮೊರಿಟ್ಜ್ ಇಲ್ಲಿಗ್ ಮಸಿ ಹೀರದಂತೆ ಕಾಗದಕ್ಕೆ ರಾಳ ಮತ್ತು ಪಟಿಕ ಸೇರಿಸುವ ವಿಧಾನ ಪ್ರಕಟಿಸಿದ. ಒಂದೂಮುಕ್ಕಾಲು ಶತಮಾನ ಕಾಗದದ ಕಾರ್ಖಾನೆಗಳು ಅದನ್ನೇ ಅನುಸರಿಸಿದವು. ಪಟಿಕದಿಂದ ಕಾರ್ಖಾನೆಯ ನೀರು ಆಮ್ಲೀಯವಾಗುತ್ತಿತ್ತು. ಆಮ್ಲದಲ್ಲಿ ಕಾರ್ಬೊನೇಟ್ ನೊರೆಯೆದ್ದು ಕರಗುತ್ತದೆ, ಕೆಯೊಲಿನ್ ಜಗ್ಗುವುದಿಲ್ಲ. ಲೇಪಿತ ಕಾಗದದ ಹರಕುಗಳು ಮತ್ತೆ ತಿರುಳಿನ ತೊಟ್ಟಿಗೇ ಬರುವುದರಿಂದ ಲೇಪದಲ್ಲೂ ಕಾರ್ಬೊನೇಟ್ ಬಳಸುವುದು ಕಷ್ಟವಾಗಿತ್ತು. ಅದೇ ಆಮ್ಲದಿಂದ ಆ ಕಾಲದ ಪುಸ್ತಕಗಳು ಮುಟ್ಟಿದರೆ ಮುರಿಯುವಂತಾಗಿರುವುದನ್ನು ನಮ್ಮ ಹಳೆಯ ಗ್ರಂಥಾಲಯಗಳಲ್ಲಿ ಯಾರಾದರೂ ನೋಡಬಹುದು. 1980ರ ದಶಕದ ಹೊತ್ತಿಗೆ ಆಮ್ಲವಿಲ್ಲದ ವಿಧಾನಗಳು ಹರಡಿದಾಗ ಕಾರ್ಬೊನೇಟ್‌ಗೆ ಬಾಗಿಲು ತೆರೆಯಿತು. ಈ ಬದಲಾವಣೆ ಕಾಗದದ ಆಯುಸ್ಸಿಗೆ ಒಳ್ಳೆಯದೇ ಆಯಿತು, ಅದನ್ನು ಅಲ್ಲಗಳೆಯುವ ಅಗತ್ಯವಿಲ್ಲ.

ಆದರೆ ಈ ಸ್ಪರ್ಧೆಯ ಫಲಿತಾಂಶವನ್ನು ಸರಿಯಾಗಿ ಓದಿಕೊಳ್ಳಬೇಕು. ಬಿಳುಪೇ ಮುಖ್ಯವಾದ, ದಪ್ಪ ಲೇಪದ, ಮಂಕು ಮೈಯ ಕಾಗದಗಳಲ್ಲಿ ಕಾರ್ಬೊನೇಟ್ ಗೆದ್ದಿತು. ಲೇಪ ತೆಳುವಾಗಬೇಕಾದಲ್ಲಿ, ಹೊಳಪು ಬೇಕಾದಲ್ಲಿ, ಒರಟು ತಿರುಳನ್ನು ಮುಚ್ಚಬೇಕಾದಲ್ಲಿ ಬಿಲ್ಲೆಯ ಜಾಗ ಉಳಿದಿದೆ. ಗ್ರೇವ್ಯೂರ್ ಮುದ್ರಣದಲ್ಲಿ ಇದು ಸ್ಪಷ್ಟ. ಅಲ್ಲಿ ಸಿಲಿಂಡರಿನ ಮೇಲಿನ ಸಣ್ಣ ಗುಳಿಯಲ್ಲಿರುವ ಮಸಿ ಕಾಗದವನ್ನು ಮುಟ್ಟಿದರಷ್ಟೇ ಚುಕ್ಕಿ, ಕಾಗದ ಒಂದೆರಡು ಮೈಕ್ರಾನ್ ತಗ್ಗಿದ್ದರೂ ಚುಕ್ಕಿ ಮಾಯ. ದೊಡ್ಡ ಬಿಲ್ಲೆಗಳ ಕೆಯೊಲಿನ್ ಹೊದಿಕೆ ಹಳ್ಳವನ್ನೂ ಮುಚ್ಚುತ್ತದೆ, ಒತ್ತಿದಾಗ ಸ್ವಲ್ಪ ಬಗ್ಗುತ್ತದೆ. ಅನೇಕ ಕಾರ್ಖಾನೆಗಳಲ್ಲಿ ಒಳಪದರಕ್ಕೆ ಕಾರ್ಬೊನೇಟ್, ಮೇಲ್ಪದರಕ್ಕೆ ಎರಡರ ಮಿಶ್ರಣ. ಕೈಯಲ್ಲಿರುವ ಹೊಳೆಯುವ ಕಾಗದದಲ್ಲಿ ಯಾವುದಿದೆ ಎಂಬ ಕುತೂಹಲವಿದ್ದರೆ ಅಚ್ಚಿಲ್ಲದ ಜಾಗದಲ್ಲಿ ಒಂದು ಹನಿ ನಿಂಬೆರಸ ಇಟ್ಟು ಮಸೂರದಲ್ಲಿ ನೋಡಬಹುದು. ಸಣ್ಣ ಗುಳ್ಳೆ ಎದ್ದರೆ ಕಾರ್ಬೊನೇಟ್ ಇದೆ ಎಂದರ್ಥ. ಪ್ರಯೋಗಾಲಯದಲ್ಲಿ ಕಾಗದವನ್ನು ಒಮ್ಮೆ 525 ಡಿಗ್ರಿಯಲ್ಲಿ, ಇನ್ನೊಮ್ಮೆ 900 ಡಿಗ್ರಿಯಲ್ಲಿ ಸುಟ್ಟು ಬೂದಿ ತೂಗುತ್ತಾರೆ. ಕಡಿಮೆ ಕಾವಿನಲ್ಲಿ ಹಾಗೆಯೇ ಉಳಿಯುವ ಕಾರ್ಬೊನೇಟ್ ಹೆಚ್ಚಿನ ಕಾವಿನಲ್ಲಿ ತನ್ನ ತೂಕದ ನೂರಕ್ಕೆ 44 ಭಾಗವನ್ನು ಇಂಗಾಲದ ಡೈಆಕ್ಸೈಡ್ ಆಗಿ ಬಿಟ್ಟುಕೊಡುತ್ತದೆ. ಕೆಯೊಲಿನ್ ಕಳೆದುಕೊಳ್ಳುವುದು ಹದಿನಾಲ್ಕು ಭಾಗ ನೀರನ್ನು ಮಾತ್ರ.

ಗಣಿಯಿಂದ ನೆಲ ಹಾಳಾಗುತ್ತದೆ ಎಂಬ ಆಕ್ಷೇಪಕ್ಕೆ ನನ್ನ ಬಳಿ ಇಷ್ಟು ಸಮಾಧಾನದ ಉತ್ತರವಿಲ್ಲ. ವಿಲಿಯಂ ಕುಕ್‌ವರ್ದಿ ಎಂಬ ಔಷಧ ವ್ಯಾಪಾರಿ 1740ರ ದಶಕದಲ್ಲಿ ಕಾರ್ನ್‌ವಾಲ್‌ನಲ್ಲಿ ಈ ಮಣ್ಣನ್ನು ಗುರುತಿಸಿ 1768ರಲ್ಲಿ ಪಿಂಗಾಣಿಗೆ ಪೇಟೆಂಟ್ ಪಡೆದಂದಿನಿಂದ ಆ ನಾಡಿನ ನೆಲದ ರೂಪವೇ ಬದಲಾಯಿತು. ಅಲ್ಲಿ ಒಂದು ಟನ್ ಮಣ್ಣಿಗೆ ಸುಮಾರು ಒಂಬತ್ತು ಟನ್ ಮರಳು, ಕಲ್ಲು, ಅಭ್ರಕದ ಕಸ ಬೀಳುತ್ತದೆ. ಸೇಂಟ್ ಆಸ್ಟೆಲ್ ಊರಿನ ಸುತ್ತ ಬಿಳಿಯ ಗುಡ್ಡಗಳೆದ್ದವು, ಹೊಳೆ ಬಿಳಿಯಾಗಿ ಹರಿದು ಕಡಲು ಸೇರಿತು. ಬಿಟ್ಟುಹೋದ ಒಂದು ಗುಂಡಿಯಲ್ಲಿ 2001ರಲ್ಲಿ ಈಡನ್ ಪ್ರಾಜೆಕ್ಟ್ ಎಂಬ ದೊಡ್ಡ ಸಸ್ಯೋದ್ಯಾನ ತೆರೆಯಿತು, ನಿಜ, ಆದರೆ ಒಂದು ಗುಂಡಿ ತೋಟವಾದ ಮಾತ್ರಕ್ಕೆ ಉಳಿದ ಗುಂಡಿಗಳ ಲೆಕ್ಕ ಚುಕ್ತಾ ಆಗುವುದಿಲ್ಲ. ನಮಗೆ ಹತ್ತಿರದ ಕಣ್ಣೂರು ಜಿಲ್ಲೆಯ ಮಾಡಾಯಿಪಾರದಲ್ಲಿ ಮುರಕಲ್ಲಿನ ಗುಡ್ಡವನ್ನು ಚೀನಾ ಕ್ಲೇಗಾಗಿ ಅಗೆಯುವುದರ ವಿರುದ್ಧ ಜನ ಹೋರಾಡಿದ್ದು ನೀರಿನ ಚಿಂತೆಯಿಂದ, ಆ ಚಿಂತೆ ನ್ಯಾಯವಾದದ್ದು. ಮಣ್ಣಿನ ಬದಲು ಸುಣ್ಣದ ಕಲ್ಲು ತಂದರೂ ಗಣಿ ತಪ್ಪುವುದಿಲ್ಲ, ಎರಡನ್ನೂ ಬಿಟ್ಟು ಬರೀ ನಾರು ಬಳಸಿದರೆ ಮರ ಹೆಚ್ಚು ಬೇಕು ಎಂಬುದನ್ನು ಹೇಳಬಹುದು. ಅಗೆದ ಮೇಲೆ ನೆಲವನ್ನು ಸರಿಪಡಿಸಲೇಬೇಕು ಎಂದು ಜಾರ್ಜಿಯಾ ರಾಜ್ಯ 1968ರಲ್ಲಿ ಕಾಯ್ದೆ ಮಾಡಿತು. ಗುಂಡಿ ಮುಚ್ಚುವ ಖರ್ಚನ್ನು ಮಣ್ಣಿನ ಬೆಲೆಯಲ್ಲೇ ಸೇರಿಸಿ ಕೊಳ್ಳುವವರಿಂದ ವಸೂಲು ಮಾಡುವುದು ನ್ಯಾಯ. ಆಗ ಈ ಮಣ್ಣನ್ನು ಎಲ್ಲಿ ಬಳಸುವುದು ಯೋಗ್ಯ ಎಂಬ ವಿವೇಚನೆಯೂ ತಾನಾಗಿ ಬರುತ್ತದೆ.

ಮರುಬಳಕೆಗೆ ಲೇಪಿತ ಕಾಗದ ಕಂಟಕ ಎಂಬ ಮಾತು ಮಾತ್ರ ಅರ್ಧಸತ್ಯ. ನಾರು ಕಡಿಮೆ, ಕೆಸರು ಹೆಚ್ಚು ಎಂಬುದು ಹೌದು. ಆದರೆ ಹಳೆಯ ದಿನಪತ್ರಿಕೆಗಳ ಮಸಿ ತೆಗೆಯುವ ಕಾರ್ಖಾನೆಗಳು ಅವುಗಳ ಜೊತೆಗೆ ಬೇಕೆಂದೇ ಒಂದಷ್ಟು ಪಾಲು ಹಳೆಯ ಹೊಳಪು ನಿಯತಕಾಲಿಕಗಳನ್ನು ಸೇರಿಸುತ್ತ ಬಂದಿವೆ. ಗಾಳಿಗುಳ್ಳೆಗಳ ಜೊತೆ ಮಸಿ ಮೇಲೆ ತೇಲಿ ಬರಲು ಲೇಪದ ಖನಿಜ ನೆರವಾಗುತ್ತದೆ. ಈ ಕಾಗದದ ನಿಜವಾದ ದೌರ್ಬಲ್ಯ ಬೇರೆ ಕಡೆ ಇದೆ. ನೆರೆಯ ನೀರು ಹೊಕ್ಕ ಪುಸ್ತಕದ ಕಪಾಟಿನಲ್ಲಿ ಸಾದಾ ಕಾಗದದ ಪುಸ್ತಕಗಳನ್ನು ಒಣಗಿಸಿ ಉಳಿಸಬಹುದು. ಆರ್ಟ್ ಪೇಪರಿನ ಹಾಳೆಗಳು ಲೇಪದ ಅಂಟಿನಿಂದ ಒಂದಕ್ಕೊಂದು ಮೆತ್ತಿಕೊಂಡು, ಒಣಗಿದ ಮೇಲೆ ಇಟ್ಟಿಗೆಯಷ್ಟು ಗಟ್ಟಿಯಾಗುತ್ತವೆ. ಆದ್ದರಿಂದಲೇ ಗ್ರಂಥಾಲಯದ ತಜ್ಞರು ಅವನ್ನು ಒದ್ದೆ ಇರುವಾಗಲೇ ಶೀತಲಪೆಟ್ಟಿಗೆಗೆ ಹಾಕಲು ಹೇಳುವುದು. ಇಡೀ ಪುಸ್ತಕ ಬರೀ ಬರಹವೇ ಇದ್ದರೂ ಆರ್ಟ್ ಪೇಪರಿನಲ್ಲಿ ಅಚ್ಚುಹಾಕಿ ಅಭಿನಂದನ ಗ್ರಂಥವೆಂದು ತರುವ ನಮ್ಮ ಪದ್ಧತಿ ಈ ಕಾರಣಕ್ಕೆ ನನಗೆ ಒಪ್ಪಿಗೆಯಿಲ್ಲ. ಅಕ್ಷರಕ್ಕೆ 27 ಮೈಕ್ರಾನಿನ ಚುಕ್ಕಿ ಬೇಕಿಲ್ಲ, ಹೊಳಪಿನಿಂದ ಓದುವ ಕಣ್ಣಿಗೆ ತೊಂದರೆಯೇ ಹೆಚ್ಚು, ಪುಸ್ತಕ ಕೈಗೆ ಭಾರ. ಅಲ್ಲಿ ಲೇಪವಿಲ್ಲದ ಮ್ಯಾಪ್ಲಿಥೋ ಕಾಗದ ಸಾಕು. ಚಿತ್ರಗಳಿರುವ ಎಂಟು ಹದಿನಾರು ಪುಟಗಳಿಗೆ ಮಾತ್ರ ಲೇಪಿತ ಕಾಗದ ಹೊಲಿಸುತ್ತಿದ್ದ ಹಳೆಯ ಪ್ರಕಾಶಕರ ಕ್ರಮ ಎಲ್ಲ ದೃಷ್ಟಿಯಿಂದಲೂ ಸರಿಯಾಗಿತ್ತು.

ಮೊಬೈಲು ಪರದೆ ಬಂದ ಮೇಲೆ ನಿಯತಕಾಲಿಕಗಳ ಕಾಗದಕ್ಕೆ ಬೇಡಿಕೆ ಕುಗ್ಗುತ್ತಿದೆ, ಅದರ ಜೊತೆ ಲೇಪದ ಮಣ್ಣಿಗೂ. ಅದೇ ಹೊತ್ತಿಗೆ ಬಿಲ್ಲೆಯ ಆಕಾರಕ್ಕೆ ಬೇರೊಂದು ಕೆಲಸ ಸಿಕ್ಕಿದೆ. ತಿಂಡಿ ಕಟ್ಟುವ ಕಾಗದಕ್ಕೆ, ರಟ್ಟಿನ ಪೆಟ್ಟಿಗೆಗೆ ಎಣ್ಣೆ, ತೇವ ಇಳಿಯದಂತೆ ಈಗ ಹೆಚ್ಚಾಗಿ ಪ್ಲಾಸ್ಟಿಕ್ ಹಾಳೆ ಅಂಟಿಸುತ್ತಾರೆ, ಆಮೇಲೆ ಅದನ್ನು ಬೇರ್ಪಡಿಸಿ ಮರುಬಳಕೆ ಮಾಡುವುದು ಕಷ್ಟ. ನೀರಿನಲ್ಲಿ ಕದಡಿದ ಅಂಟಿನೊಳಗೆ ಅಗಲವಾದ, ತೀರ ತೆಳ್ಳನೆಯ ಕೆಯೊಲಿನ್ ಬಿಲ್ಲೆಗಳನ್ನು ಸೇರಿಸಿ ಬಳಿದರೆ ತೇವದ ಕಣ ನೇರವಾಗಿ ಹಾಯಲಾಗದೆ ಒಂದೊಂದು ಬಿಲ್ಲೆಯನ್ನೂ ಬಳಸಿಕೊಂಡು ಹೋಗಬೇಕಾಗುತ್ತದೆ, ಐದಾರು ಮೈಕ್ರಾನಿನ ಲೇಪದಲ್ಲಿ ಅದರ ದಾರಿ ಅನೇಕ ಪಟ್ಟು ಉದ್ದವಾಗುತ್ತದೆ. ಉಂಡೆ ಕಣದ ಕಾರ್ಬೊನೇಟ್ ಎಷ್ಟೇ ಬೆಳ್ಳಗಿದ್ದರೂ ಇದನ್ನು ಈ ಮಟ್ಟಕ್ಕೆ ಮಾಡಿಕೊಡಲಾರದು. ಇಂಥ ಲೇಪಕ್ಕೆ ಮಣ್ಣನ್ನು ಆರಿಸುವಾಗ ಮೊದಲು ಕೇಳುವ ಪ್ರಶ್ನೆ ಬಿಲ್ಲೆಯ ಅಗಲ ಅದರ ದಪ್ಪದ ಎಷ್ಟು ಪಟ್ಟು ಎನ್ನುವುದು. ಬಿಳುಪಿನ ಅಂಕ ಅದರ ನಂತರದ್ದು.